ಶಾಲೆಗೆ ಮರಳುವ ಮಗು: ಜೂನ್ ತಿಂಗಳಿನಲ್ಲಿ ತಾಯಿತಂದೆಗಳು ಗಮನಿಸಬೇಕಾದುದು

ಮೇ ತಿಂಗಳು ಮುಗಿಯುವ ಹೊತ್ತಿಗೆ ಸೊರಬ, ಶಿಕಾರಿಪುರ ತಾಲ್ಲೂಕುಗಳ ಊರುಗಳಲ್ಲಿ ಎರಡು ಕೆಲಸಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಮುಂಗಾರಿನ ಮೊದಲ ಮಳೆ ಬಿದ್ದು ಗದ್ದೆ ಹದಕ್ಕೆ ಬರುತ್ತದೆ. ಹೆಚ್ಚು ಕಡಿಮೆ ಅದೇ ವಾರದಲ್ಲಿ ಶಾಲೆಯ ಬಾಗಿಲೂ ತೆರೆಯುತ್ತದೆ. ಬೀಜ, ಗೊಬ್ಬರ, ಉಳುಮೆಯ ಬಾಡಿಗೆ, ಸೋರುವ ಮಾಡಿನ ಹೆಂಚು, ಮಳೆಗಾಲಕ್ಕೆ ಬೇಕಾದ ಒಣಸೌದೆ ಇವೆಲ್ಲವುಗಳ ನಡುವೆ ಮಕ್ಕಳ ಪುಸ್ತಕ, ಸಮವಸ್ತ್ರ, ಕೊಡೆಗಳ ಚಿಂತೆಯೂ ಸೇರುತ್ತದೆ. ಹೊಸಬಾಳೆಯಂತಹ ಗ್ರಾಮದ ಒಕ್ಕಲು ಮನೆಯೊಂದನ್ನು ಊಹಿಸಿಕೊಳ್ಳಿ. ಗದ್ದೆಗೆ ಯಾವ ಬೀಜ, ಎಷ್ಟು ಬೀಜ ಎಂಬುದನ್ನು ಆ ಮನೆಯವರು ಒಂದು ತಿಂಗಳ ಮೊದಲೇ ಯೋಚಿಸಿರುತ್ತಾರೆ. ಮಗುವಿಗೆ ಮಾತ್ರ ಹಿಂದಿನ ದಿನದ ರಾತ್ರಿ, "ನಾಳೆಯಿಂದ ಶಾಲೆ, ಬೇಗ ಏಳಬೇಕು" ಎಂದು ಹೇಳಿದರೆ ಸಾಕೆಂಬ ಭಾವನೆ ಹಲವರಲ್ಲಿದೆ.

ಇದು ಸರಿಯಲ್ಲ. ಏಪ್ರಿಲ್ ತಿಂಗಳಿನಿಂದ ಸುಮಾರು ಏಳು ವಾರಗಳ ಕಾಲ ಮನಬಂದಾಗ ಉಂಡು, ಮನಬಂದಾಗ ಮಲಗಿ, ತೋಟ ಗುಡ್ಡಗಳಲ್ಲಿ ತಿರುಗಿದ ಮಗುವಿನ ದೇಹವೂ ಮನಸ್ಸೂ ಶಾಲೆಯ ಗಂಟೆಗೆ ಹೊಂದಿಕೊಳ್ಳಲು ಒಂದು ರಾತ್ರಿ ಸಾಲದು. ಅದಕ್ಕೆ ಜೂನ್ ತಿಂಗಳೆಲ್ಲವೂ ಬೇಕಾದೀತು. ಆ ತಿಂಗಳಿನಲ್ಲಿ ಮಗು ಎಷ್ಟು ದಿನ ಶಾಲೆ ತಪ್ಪಿಸಿತು, ಯಾವ ಕಾರಣಕ್ಕಾಗಿ ತಪ್ಪಿಸಿತು ಎಂಬುದನ್ನು ಗಮನಿಸುವ ತಾಯಿತಂದೆಗಳಿಗೆ ವರ್ಷದ ಉಳಿದ ಭಾಗದಲ್ಲಿ ತೊಂದರೆ ಕಡಿಮೆ. ಗಮನಿಸದೆ ಬಿಟ್ಟಲ್ಲಿ ಎರಡು ದಿನಗಳ ಗೈರುಹಾಜರಿ ಎರಡು ವಾರಗಳಾಗುತ್ತದೆ. ಎರಡು ವಾರ ಹೋಗದಿದ್ದ ಮಗುವಿಗೆ ಪಾಠ ತಿಳಿಯುವುದಿಲ್ಲ. ಪಾಠ ತಿಳಿಯದ ಮಗುವಿಗೆ ಹೋಗಲು ಮನಸ್ಸಾಗುವುದಿಲ್ಲ. ಮಕ್ಕಳು ಶಾಲೆ ಬಿಡುವುದು ಸಾಮಾನ್ಯವಾಗಿ ಒಂದು ದಿನದ ನಿರ್ಧಾರದಿಂದಲ್ಲ, ಹೀಗೆ ಯಾರ ಗಮನಕ್ಕೂ ಬಾರದೆ.

ರಜೆಯ ಕೊನೆಯ ಹತ್ತು ದಿನಗಳು

ಮೊದಲು ನಿದ್ರೆಯನ್ನು ಸರಿಪಡಿಸಿಕೊಳ್ಳಬೇಕು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ, ಹದಿಹರೆಯದವರಿಗೆ 8ರಿಂದ 10 ಗಂಟೆಗಳ ನಿದ್ರೆ ಅವಶ್ಯಕ. ರಜೆಯಲ್ಲಿ ಮದುವೆ, ಜಾತ್ರೆ, ಯಕ್ಷಗಾನ, ದೂರದರ್ಶನಗಳಿಂದ ಮಲಗುವ ಹೊತ್ತು ಮಧ್ಯರಾತ್ರಿಗೆ ಸರಿದಿರುತ್ತದೆ. ಈಚೆಗೆ ಮೊಬೈಲ್ ಫೋನು ಇವೆಲ್ಲವನ್ನೂ ಮೀರಿಸಿದೆ. ಒಂದೇ ರಾತ್ರಿ ಎಂಟು ಗಂಟೆಗೆ ಮಲಗಿಸಿದರೆ ಮಗು ಹೊರಳಾಡುವುದೇ ಹೊರತು ನಿದ್ರಿಸುವುದಿಲ್ಲ. ಶಾಲೆ ತೆರೆಯುವುದಕ್ಕೆ ಹತ್ತು ದಿನ ಮೊದಲಿನಿಂದಲೇ ದಿನಕ್ಕೆ ಕಾಲು ಗಂಟೆಯಷ್ಟು ಮುಂಚಿತವಾಗಿ ಮಲಗಿಸುತ್ತ, ಅಷ್ಟೇ ಮುಂಚಿತವಾಗಿ ಎಬ್ಬಿಸುತ್ತ ಬನ್ನಿ. ಮಲಗುವುದಕ್ಕೆ ಒಂದು ಗಂಟೆ ಮೊದಲು ಫೋನನ್ನು ದೊಡ್ಡವರ ವಶದಲ್ಲಿರಿಸಿಕೊಳ್ಳುವುದು ಕ್ಷೇಮ. ದೊಡ್ಡವರು ಅದನ್ನು ತಾವೇ ಹಿಡಿದು ಕುಳಿತರೆ ಈ ಮಾತು ನಡೆಯದೆಂಬುದನ್ನು ಹೇಳಬೇಕಾಗಿಲ್ಲ.

ಎರಡನೆಯದು ಬೆಳಗಿನ ಆಹಾರ. ಬರಿಯ ಹೊಟ್ಟೆಯಲ್ಲಿ ಒಂದು ಲೋಟ ಚಹಾ, ಎರಡು ಬಿಸ್ಕತ್ತು ತೆಗೆದುಕೊಂಡು ಓಡುವ ಮಕ್ಕಳು ಮಲೆನಾಡಿನಲ್ಲಿ ಕಡಿಮೆಯೇನಿಲ್ಲ. ಇಂತಹ ಮಗು ಎರಡನೆಯ ಪಾಠದ ಹೊತ್ತಿಗೇ ಬಳಲುತ್ತದೆ. ಅಕ್ಕಿರೊಟ್ಟಿ, ಕಡುಬು, ಗಂಜಿ, ರಾಗಿ ಅಂಬಲಿ, ಯಾವುದಾದರೂ ಸರಿ, ಹೊಟ್ಟೆ ತುಂಬುವಂತಿರಲಿ; ಜೊತೆಯಲ್ಲಿ ಕಾಳು, ಮೊಟ್ಟೆ, ಸೊಪ್ಪು, ಮಜ್ಜಿಗೆಗಳಲ್ಲಿ ಒಂದಾದರೂ ಇರಲಿ. ಊಟದೊಡನೆ ಚಹಾ ಕುಡಿದರೆ ಆಹಾರದಲ್ಲಿನ ಕಬ್ಬಿಣಾಂಶ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಅದೇ ಊಟಕ್ಕೆ ನಿಂಬೆಹುಳಿ ಹಿಂಡಿದರೆ ಚೆನ್ನಾಗಿ ಸೇರುತ್ತದೆ. ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ದೊರೆಯುವುದೆಂದು ಬೆಳಗಿನದನ್ನು ಬಿಡಬಾರದು. ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹ, 2013ರಲ್ಲಿ ಬಂದ ಕ್ಷೀರಭಾಗ್ಯ, ಆನಂತರ ಸೇರಿದ ಮೊಟ್ಟೆ ಇವೆಲ್ಲವೂ ಮನೆಯ ಊಟಕ್ಕೆ ಪೂರಕವೇ ಹೊರತು ಅದಕ್ಕೆ ಬದಲಿಯಲ್ಲ.

ಇನ್ನು ಮಗುವನ್ನು ಹಗಲು ಬೆಳಕಿನಲ್ಲಿ ಕೂರಿಸಿಕೊಂಡು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ. ತಲೆಯಲ್ಲಿ ಹೇನು, ಬೆರಳುಗಳ ಸಂದಿಯಲ್ಲಿ ಕಜ್ಜಿ, ಹಲ್ಲಿನಲ್ಲಿ ಹುಳುಕು, ಕಿವಿಯಲ್ಲಿ ಸೋರಿಕೆ ಇವೆಯೇ? ಕಜ್ಜಿ ಇದ್ದಲ್ಲಿ ಮಗುವಿಗೆ ಮಾತ್ರ ಔಷಧಿ ಹಚ್ಚಿದರೆ ಪ್ರಯೋಜನವಿಲ್ಲ. ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಂಡು ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಹೇನಿದ್ದರೆ ಚಿಕಿತ್ಸೆ ಮಾಡಿ, ಅದಕ್ಕಾಗಿ ಶಾಲೆ ತಪ್ಪಿಸಬೇಡಿ. ಮಗು ಪುಸ್ತಕವನ್ನು ಮೂಗಿನ ಬಳಿ ಹಿಡಿಯುತ್ತಿದ್ದರೆ, ದೂರದ ವಸ್ತುವನ್ನು ಕಣ್ಣು ಕಿರಿದಾಗಿಸಿ ನೋಡುತ್ತಿದ್ದರೆ ಕಣ್ಣಿನ ಪರೀಕ್ಷೆ ಮಾಡಿಸಿ. ದಡ್ಡನೆಂದು ಹೆಸರು ಹೊತ್ತ ಎಷ್ಟೋ ಮಕ್ಕಳಿಗೆ ಬೇಕಾಗಿದ್ದುದು ಒಂದು ಕನ್ನಡಕವಷ್ಟೇ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಆದರೆ ಅವರು ಬರುವ ದಿನ ನಿಮ್ಮ ಮಗು ಶಾಲೆಯಲ್ಲಿರಬೇಕಲ್ಲವೇ?

ಐದು ವರ್ಷ ತುಂಬಿದಾಗ ಕೊಡಬೇಕಾದ ಡಿ.ಪಿ.ಟಿ. ವರ್ಧಕ, ಹತ್ತು ಮತ್ತು ಹದಿನಾರನೆಯ ವಯಸ್ಸಿನ ಟಿ.ಡಿ. ಚುಚ್ಚುಮದ್ದುಗಳನ್ನು ಮರೆಯಬಾರದು. ಜಂತುಹುಳುವಿನ ಮಾತ್ರೆಯನ್ನು ಫೆಬ್ರುವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಶಾಲೆ, ಅಂಗನವಾಡಿಗಳಲ್ಲಿಯೇ ನುಂಗಿಸಲಾಗುತ್ತದೆ. ಕೊಕ್ಕೆಹುಳು ಬರಿಗಾಲಿನ ಚರ್ಮವನ್ನು ಕೊರೆದು ದೇಹ ಸೇರುವುದರಿಂದ, ಒದ್ದೆ ತೋಟದಲ್ಲಿ ಓಡಾಡುವ ಮಕ್ಕಳ ಕಾಲಿನಲ್ಲಿ ಚಪ್ಪಲಿ ಇರಬೇಕು.

ಬೆಳಗಿನ ಹೊಟ್ಟೆನೋವು

ಶಾಲೆ ತೆರೆದು ಮೂರೋ ನಾಲ್ಕೋ ದಿನ ಕಳೆದ ಮೇಲೆ ಹಲವು ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಅಮ್ಮ, ಹೊಟ್ಟೆ ನೋವು." ಕೆಲವು ಮಕ್ಕಳಿಗೆ ತಲೆನೋವು, ಕೆಲವರಿಗೆ ವಾಂತಿ. ಶಾಲೆಯ ಹೊತ್ತು ಮೀರಿದ ಬಳಿಕ ನೋವು ಇಳಿಯುತ್ತದೆ; ಭಾನುವಾರ ಬರುವುದೇ ಇಲ್ಲ. ತಂದೆ ಇದನ್ನು ಸೋಗು ಎನ್ನುತ್ತಾನೆ, ಬೆತ್ತಕ್ಕೆ ಕೈ ಹಾಕುತ್ತಾನೆ. ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ತಾಯಿ "ಹೋಗಲಿ, ಇವತ್ತೊಂದು ದಿನ ಇರಲಿ" ಎನ್ನುತ್ತಾಳೆ. ಮೂವರದೂ ಮಗುವಿನ ಮೇಲಿನ ಕಾಳಜಿಯೇ; ಆದರೆ ಮೂವರೂ ನೋವಿನ ಕಾರಣವನ್ನು ವಿಚಾರಿಸಲಿಲ್ಲ.

ಇಲ್ಲಿ ತಿಳಿಯಬೇಕಾದುದು, ಆ ನೋವು ಸುಳ್ಳಲ್ಲ ಎಂಬುದು. ಭಯವಾದಾಗ ದೊಡ್ಡವರಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಬಾಯಿ ಒಣಗುತ್ತದೆ, ಬಹಿರ್ದೆಸೆಗೆ ಹೋಗಬೇಕೆನಿಸುತ್ತದೆ. ಮಗುವಿಗೆ ಭಯವೆಂಬುದನ್ನು ಹೇಳಲು ಮಾತು ಸಿಕ್ಕುವುದಿಲ್ಲ, ಹೊಟ್ಟೆ ತೋರಿಸುತ್ತದೆ. ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ. ಜ್ವರ, ತೂಕ ಇಳಿಯುವಿಕೆ, ರಾತ್ರಿ ನಿದ್ರೆಯಿಂದ ಎಬ್ಬಿಸುವ ನೋವು, ಮಲ ಮೂತ್ರದಲ್ಲಿ ರಕ್ತ ಇವುಗಳಲ್ಲಿ ಯಾವುದಿದ್ದರೂ ಅದು ದೇಹದ ಕಾಯಿಲೆಯೇ ಇರಬಹುದು. ಅಂತಹ ಲಕ್ಷಣವೇನೂ ಇಲ್ಲವೆಂದು ವೈದ್ಯರು ಹೇಳಿದ ಮೇಲೆ ಶಾಲೆಯ ಕಡೆಗೆ ದೃಷ್ಟಿ ಹರಿಸಬೇಕು.

ಕೇಳುವ ರೀತಿ ಮುಖ್ಯ. "ಯಾಕೆ ಹೋಗೋದಿಲ್ಲ, ಹೇಳು" ಎಂದು ಬಾಗಿಲಲ್ಲಿ ನಿಂತು ಗದರಿದರೆ ಉತ್ತರ ಬಾರದು. ಸಂಜೆ ಕೊಟ್ಟಿಗೆಯ ಕೆಲಸ ಮಾಡುವಾಗಲೋ ತಲೆ ಬಾಚುವಾಗಲೋ, ಮುಖ ನೋಡದೆ ಮಾತಾಡುವ ಹೊತ್ತಿನಲ್ಲಿ ಕೇಳಿ: ಯಾರ ಪಕ್ಕ ಕೂರುತ್ತೀಯೆ? ಆಟಕ್ಕೆ ಯಾರು ಸೇರಿಸಿಕೊಳ್ಳುತ್ತಾರೆ? ದಾರಿಯಲ್ಲಿ ಯಾರು ಸಿಗುತ್ತಾರೆ? ಯಾವ ಪಾಠ ಬಂದರೆ ಬೇಜಾರು? ಹೀಗೆ ಕೇಳಿದರೆ ಒಂದೆರಡು ದಿನಗಳಲ್ಲಿ ಕಾರಣ ಹೊರಬೀಳುವುದುಂಟು. ದೊಡ್ಡ ಹುಡುಗರು ಬುತ್ತಿ ಕಿತ್ತುಕೊಳ್ಳುವುದಿರಬಹುದು; ಭಾಗಾಕಾರ ತಿಳಿಯದಿರಬಹುದು; ಕಳೆದ ವರ್ಷದ ಸಮವಸ್ತ್ರ ಗಿಡ್ಡವಾಗಿ ಇತರರು ನಗುತ್ತಿರಬಹುದು; ಉಪಾಧ್ಯಾಯರು ಹೊಡೆದಿರಬಹುದು. ಶಾಲೆಯಲ್ಲಿ ಮಕ್ಕಳನ್ನು ದೈಹಿಕವಾಗಿ ದಂಡಿಸುವುದನ್ನೂ ಮನಸ್ಸಿಗೆ ಹಿಂಸೆಯಾಗುವಂತೆ ನಡೆಸಿಕೊಳ್ಳುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಪೆಟ್ಟು ಬಿದ್ದಿದ್ದರೆ ಮುಖ್ಯೋಪಾಧ್ಯಾಯರೊಡನೆ ನೇರವಾಗಿ, ಶಾಂತವಾಗಿ ಮಾತನಾಡುವ ಹಕ್ಕು ನಿಮಗಿದೆ. ಯಾರಾದರೂ ಮಗುವಿನ ಮೈಮುಟ್ಟಿ ಕೆಟ್ಟದಾಗಿ ನಡೆದುಕೊಂಡಿದ್ದರೆ ಮಗುವನ್ನು ಬೈಯದೆ, ಅದರ ಮಾತನ್ನು ನಂಬಿ, ಕೂಡಲೇ ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸತಕ್ಕದ್ದು.

ಶೌಚಾಲಯದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಶಾಲೆಯ ಶೌಚಾಲಯ ಕೊಳಕಾಗಿದ್ದರೆ, ಅಗುಳಿ ಇಲ್ಲದಿದ್ದರೆ, ನೀರಿಲ್ಲದಿದ್ದರೆ ಹೆಣ್ಣುಮಕ್ಕಳು ಮನೆಯಿಂದ ಹೊರಟಾಗಿನಿಂದ ಮರಳುವವರೆಗೆ ಮೂತ್ರ ತಡೆದುಕೊಂಡಿರುತ್ತಾರೆ. ಅದಕ್ಕಾಗಿ ನೀರನ್ನೂ ಕುಡಿಯುವುದಿಲ್ಲ. ಇದರಿಂದ ಮೂತ್ರದ ಸೋಂಕು, ತಲೆನೋವು, ಮಲಬದ್ಧತೆ ಉಂಟಾಗುತ್ತವೆ. ಮಗಳ ಹೊಟ್ಟೆನೋವಿಗೆ ಔಷಧಿ ಹುಡುಕುತ್ತಿರುವ ತಾಯಿ ಒಮ್ಮೆ ಶಾಲೆಗೆ ಹೋಗಿ ಶೌಚಾಲಯದ ಬಾಗಿಲನ್ನು ತೆರೆದು ನೋಡುವುದು ಒಳ್ಳೆಯದು. ಪ್ರತಿ ಸರ್ಕಾರಿ ಶಾಲೆಗೂ ಪೋಷಕರೇ ಹೆಚ್ಚಿನ ಸಂಖ್ಯೆಯಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಅಗುಳಿಯ ಪ್ರಶ್ನೆಯನ್ನು ಎತ್ತಲು ಅದಕ್ಕಿಂತ ತಕ್ಕ ಸ್ಥಳವಿಲ್ಲ.

ಕಾರಣ ತಿಳಿಯುವವರೆಗೆ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳಬಹುದೇ? ಕೂಡದು, ಅಪಾಯವಿರುವ ಸಂದರ್ಭವನ್ನು ಬಿಟ್ಟು. ಮನೆಯಲ್ಲಿ ಉಳಿದ ಪ್ರತಿಯೊಂದು ದಿನವೂ ಭಯವನ್ನು ಬೆಳೆಸುತ್ತದೆ. ಮೊದಲ ವಾರ ತಂದೆಯೋ ತಾಯಿಯೋ ಜೊತೆಯಲ್ಲಿ ನಡೆದುಹೋಗಿ ಬಿಡಲಿ. ಬಿಟ್ಟ ಮೇಲೆ ಬಾಗಿಲಲ್ಲಿ ಬಹಳ ಹೊತ್ತು ನಿಲ್ಲದೆ, ಕಣ್ಣೀರು ತೋರದೆ, "ಸಂಜೆ ಇಲ್ಲೇ ಇರ್ತೀನಿ" ಎಂದು ಹೇಳಿ ಹಿಂದಿರುಗಲಿ. ಹೇಳಿದಂತೆ ಸಂಜೆ ಬಂದಿರಲಿ. ಕೇರಿಯ ದೊಡ್ಡ ಮಗುವೊಂದರ ಜೊತೆ ಕಟ್ಟಿಕೊಟ್ಟರೆ ಇನ್ನೂ ಸುಲಭ. ಮೂರು ನಾಲ್ಕು ವಾರಗಳಾದರೂ ಮಗು ಒಗ್ಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸಲಹೆ ಪಡೆಯಿರಿ.

ಚೀಲದ ಭಾರವನ್ನೂ ಎತ್ತಿ ನೋಡಿ. 2019ರ ರಾಜ್ಯ ಸರ್ಕಾರದ ಆದೇಶದಂತೆ ಒಂದು, ಎರಡನೆಯ ತರಗತಿಯ ಮಗುವಿನ ಚೀಲ 2 ಕಿಲೋಗ್ರಾಂ ಮೀರಬಾರದು. ಹತ್ತನೆಯ ತರಗತಿಯವರದೂ 5 ಕಿಲೋಗ್ರಾಮಿನೊಳಗಿರಬೇಕು. ಮಳೆಯಲ್ಲಿ ಕೊಡೆ ಹಿಡಿದು ಕೆಸರಿನಲ್ಲಿ ನಡೆಯುವ ಮಗುವಿಗೆ ಇದೇ ಸಾಕಷ್ಟು ಹೊರೆ. ಹಳ್ಳಕ್ಕೆ ಹಾಕಿದ ಕಾಲುಸಂಕವನ್ನು ಮಳೆ ಹಿಡಿಯುವ ಮೊದಲೇ ಊರವರು ಪರೀಕ್ಷಿಸಬೇಕು. ನೀರು ಸಂಕದ ಮೇಲೆ ಹರಿಯುತ್ತಿರುವ ದಿನ ಮಗು ಮನೆಯಲ್ಲೇ ಇರಲಿ. ಆ ಒಂದು ಗೈರುಹಾಜರಿಗೆ ಯಾರೂ ಆಕ್ಷೇಪಿಸಲಾರರು.

ಕಾಯಿಲೆಯಿಂದ ಎದ್ದ ಮಗು

ಸೊರಬ ತಾಲ್ಲೂಕಿನವರಿಗೆ ಮಂಗನ ಕಾಯಿಲೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದಾಗ ಈ ರೋಗ ಮೊದಲು ಗುರುತಿಸಲ್ಪಟ್ಟಿತು. ಜಗತ್ತಿನ ವೈದ್ಯಗ್ರಂಥಗಳೆಲ್ಲ ಅದನ್ನು ಆ ಕಾಡಿನ ಹೆಸರಿನಿಂದಲೇ ಕರೆಯುತ್ತವೆ. ಉಣುಗು ಕಚ್ಚುವುದರಿಂದ ಹರಡುವ ಈ ರೋಗ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ದರಗು ಗುಡಿಸಲು, ಸೌದೆ ತರಲು, ದನ ಕಾಯಲು ಮಕ್ಕಳು ಕಾಡು ಹೊಗುವ ಬೇಸಿಗೆಯ ರಜೆಯೂ ಅದೇ ಕಾಲದಲ್ಲಿದೆ. ಆದುದರಿಂದ ಶಾಲೆ ತೆರೆಯುವ ಹೊತ್ತಿಗೆ ಹಾಸಿಗೆಯಲ್ಲಿರುವ ಅಥವಾ ಆಗತಾನೇ ಎದ್ದಿರುವ ಮಗುವಿನ ವಿಷಯವನ್ನು ಇಲ್ಲಿ ಹೇಳುವುದು ಉಚಿತ.

ಹಠಾತ್ತನೆ ಏರುವ ಜ್ವರ, ಹಣೆಯಲ್ಲಿ ತೀವ್ರ ನೋವು, ಮೈಕೈ ಸೆಳೆತ, ವಾಂತಿ, ಕೆಲವೊಮ್ಮೆ ರಕ್ತಸ್ರಾವ ಇವು ಲಕ್ಷಣಗಳು. ಕಾಡಿಗೆ ಹೋಗಿಬಂದವರಿಗೆ ಇಂತಹ ಜ್ವರ ಬಂದರೆ ಅಂಗಡಿಯ ನೋವಿನ ಗುಳಿಗೆ ನುಂಗಿಸಿ ಕಾಯಬಾರದು. ಆಸ್ಪಿರಿನ್, ಐಬುಪ್ರೊಫೆನ್‌ಗಳಿಂದ ರಕ್ತಸ್ರಾವ ಹೆಚ್ಚಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಜ್ವರ ಬಿಟ್ಟು ಒಂದೆರಡು ವಾರ ಮಗು ಚೆನ್ನಾಗಿದ್ದು, ಕೆಲವರಲ್ಲಿ ಪುನಃ ಜ್ವರ, ತಲೆನೋವು, ಕೈನಡುಕ, ಮಂಕು ಕಾಣಿಸಿಕೊಳ್ಳುವುದುಂಟು. ಈ ಅವಧಿ ಕಳೆಯುವ ಮೊದಲು ಶಾಲೆಗೆ ಅವಸರಿಸಬಾರದು. ಆಮೇಲೂ ನಿಶ್ಶಕ್ತಿ ಹಲವು ವಾರಗಳವರೆಗೆ ಇರುತ್ತದೆ. ವೈದ್ಯರು ಒಪ್ಪಿದ ಬಳಿಕ ಮೊದಲ ವಾರ ಅರ್ಧ ದಿನ, ಅನಂತರ ಪೂರ್ತಿ ದಿನ ಕಳುಹಿಸಿ. ಆಟೋಟ, ಕವಾಯತುಗಳಿಂದ ಕೆಲಕಾಲ ಬಿಡುವು ಕೊಡುವಂತೆ ಉಪಾಧ್ಯಾಯರಿಗೆ ಬರೆದು ತಿಳಿಸಿ. ತಪ್ಪಿದ ಪಾಠಗಳನ್ನು ಒಮ್ಮೆಗೇ ಹೇರದೆ, ಇಂದಿನ ಪಾಠ ತಿಳಿಯಲು ಬೇಕಾದಷ್ಟನ್ನು ಮಾತ್ರ ಮೊದಲು ಕಲಿಸಿದರೆ ಸಾಕು.

ಮತ್ತೊಂದು ಮಾತು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಅಂತಹ ಮಗುವಿನ ಪಕ್ಕದಲ್ಲಿ ಕೂರಬೇಡವೆಂದು ನಿಮ್ಮ ಮಗುವಿಗೆ ಹೇಳಿದರೆ, ಜ್ವರ ಮಾಡಿದ್ದಕ್ಕಿಂತ ಹೆಚ್ಚಿನ ಹಾನಿಯನ್ನು ನೀವು ಮಾಡಿದಂತಾಗುತ್ತದೆ. ಹಿಂದೆ ಕೊಡಲಾಗುತ್ತಿದ್ದ ಲಸಿಕೆಯ ಬಳಕೆ ನಿಂತಿರುವುದರಿಂದ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಸದ್ಯಕ್ಕೆ ಉಪಾಯ: ಮೈತುಂಬ ಬಟ್ಟೆ, ಆಶಾ ಕಾರ್ಯಕರ್ತೆಯರು ಕೊಡುವ ಉಣುಗು ನಿರೋಧಕ ತೈಲ, ಕಾಡಿನಿಂದ ಬಂದೊಡನೆ ಬಿಸಿನೀರು ಸೋಪಿನ ಸ್ನಾನ.

ಎಂಟನೆಯ ತರಗತಿಯ ಹೊಸ್ತಿಲು

ಚಿಕ್ಕ ಮಕ್ಕಳು ಅತ್ತು ಕರೆದು ತಿಳಿಸುತ್ತಾರೆ. ಹದಿಹರೆಯದವರು ಮೌನವಾಗಿರುತ್ತಾರೆ, ಇಲ್ಲವೇ ಸಿಡುಕುತ್ತಾರೆ. ಊರಿನ ಹಿರಿಯ ಪ್ರಾಥಮಿಕ ಶಾಲೆ ಮುಗಿಸಿದ ಮಗು ಪ್ರೌಢಶಾಲೆಗಾಗಿ ಬೇರೆ ಊರಿಗೆ ಹೋಗಬೇಕಾಗುವ ಕಡೆಗಳಲ್ಲಿ ಆ ಜೂನ್ ತಿಂಗಳು ಎಲ್ಲಕ್ಕಿಂತ ಕಠಿಣ. ಹೊಸ ಶಾಲೆ, ಹೊಸ ಉಪಾಧ್ಯಾಯರು, ತುಂಬಿದ ಬಸ್ಸು, ಬದಲಾಗುತ್ತಿರುವ ದೇಹ ಎಲ್ಲವೂ ಒಮ್ಮೆಗೇ ಬರುತ್ತವೆ. "ಇಷ್ಟು ದೂರ ಹೆಣ್ಣುಮಗಳನ್ನು ಹೇಗೆ ಕಳಿಸೋದು?" ಎಂಬ ಮಾತು ಮನೆಯಲ್ಲಿ ಏಳುವುದೂ ಆಗಲೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ. ಖರ್ಚು ತಪ್ಪಿತು, ಆದರೆ ಬಸ್ಸು ನಿಲ್ಲುವ ಕಡೆಯಿಂದ ಮನೆಯವರೆಗಿನ ದಾರಿ ಹಾಗೆಯೇ ಇದೆ. ಒಂದೇ ದಿಕ್ಕಿನ ಮೂರು ನಾಲ್ಕು ಮನೆಯ ಹುಡುಗಿಯರು ಒಟ್ಟಾಗಿ ಹೋಗಿಬರುವಂತೆ ತಾಯಂದಿರು ಮೊದಲೇ ಮಾತಾಡಿಕೊಂಡರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಮುಟ್ಟಿನ ವಿಷಯವನ್ನು ಅದು ಆರಂಭವಾಗುವ ಮೊದಲೇ ಮಗಳಿಗೆ ತಿಳಿಸಬೇಕು. ಮೊದಲ ಬಾರಿ ಶಾಲೆಯಲ್ಲಿಯೇ ಆದರೆ ಯಾರಿಗೆ ಹೇಳಬೇಕು, ಚೀಲದಲ್ಲಿ ಏನಿರಬೇಕು ಎಂಬುದು ಅವಳಿಗೆ ಗೊತ್ತಿರಲಿ. ಬಟ್ಟೆ ಬಳಸುವವರಿಗೆ ಮಲೆನಾಡಿನ ಮಳೆಗಾಲದಲ್ಲಿ ಒಂದು ವಿಶೇಷ ಕಷ್ಟವಿದೆ. ಬಟ್ಟೆಯನ್ನು ಸೋಪಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ವಾರಗಟ್ಟಲೆ ಸೂರ್ಯನ ಮುಖವೇ ಕಾಣದ ಕಡೆ ಏನು ಮಾಡಬೇಕು? ಕತ್ತಲೆಯ ಮೂಲೆಯಲ್ಲಿ ಬೇರೆ ಬಟ್ಟೆಯ ಅಡಿಯಲ್ಲಿ ಮುಚ್ಚಿಟ್ಟ ಹಸಿಬಟ್ಟೆಯಿಂದ ತುರಿಕೆ, ಸೋಂಕು ಆಗುತ್ತವೆ. ಬಚ್ಚಲೊಲೆಯ ಕಾವು ತಾಕುವಲ್ಲಿ ಹಗ್ಗ ಕಟ್ಟಿ ಒಣಗಿಸಿ, ಸಾಧ್ಯವಿದ್ದರೆ ಇಸ್ತ್ರಿ ಹಾಕಿ ಇಡಬೇಕು. ಇದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ. ಮನೆಯ ಗಂಡಸರು ಆ ಹಗ್ಗವನ್ನು ಕಂಡೂ ಕಾಣದಂತಿರಲು ಕಲಿತರೆ ಅದೇ ದೊಡ್ಡ ಸಹಾಯ. ಮುಟ್ಟಾದ ಹುಡುಗಿ ಶಾಲೆ ಬಿಡಬೇಕಾದ ಆರೋಗ್ಯದ ಕಾರಣ ಯಾವುದೂ ಇಲ್ಲ. ನೋವು ಅತಿಯಾಗಿದ್ದರೆ, ಏಳು ದಿನಕ್ಕೂ ಮೀರಿ ಸ್ರಾವವಾಗುತ್ತಿದ್ದರೆ ವೈದ್ಯರಿಗೆ ತೋರಿಸಿ.

ಈ ವಯಸ್ಸಿನಲ್ಲಿ ರಕ್ತಹೀನತೆ ಸಾಮಾನ್ಯ. ಮಗ ಅಥವಾ ಮಗಳು ಬೇಗ ದಣಿದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ ಸೋಮಾರಿತನವೆಂದು ಭಾವಿಸಬೇಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿಬಣ್ಣದ ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ ನುಂಗಬೇಕು. ಮಲ ಕಪ್ಪಾಗುವುದನ್ನು ಕಂಡು ಹೆದರಿ ಹಲವರು ಅದನ್ನು ಎಸೆಯುತ್ತಾರೆ. ಅದರಿಂದ ಯಾವ ಅಪಾಯವೂ ಇಲ್ಲ.

ಮನಸ್ಸಿನ ವಿಷಯ ಇದಕ್ಕಿಂತ ಗಂಭೀರವಾದುದು. ಚಟುವಟಿಕೆಯಿಂದಿದ್ದ ಹುಡುಗ ಎರಡು ವಾರಕ್ಕೂ ಮೀರಿ ಯಾರೊಡನೆಯೂ ಬೆರೆಯದಿದ್ದರೆ, ನಿದ್ರೆ ಊಟ ಬಿಟ್ಟರೆ, ಪ್ರಿಯವಾದ ವಸ್ತುಗಳನ್ನು ಇತರರಿಗೆ ಕೊಟ್ಟುಬಿಟ್ಟರೆ, "ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ" ಎಂಬಂತಹ ಮಾತಾಡಿದರೆ ಅದನ್ನು ಹಗುರವಾಗಿ ಕಾಣಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಹೇಳಿಕೊಳ್ಳಲು ದಾರಿಯಾಗುತ್ತದೆ. ಅಂತಹ ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ನಮ್ಮ ಒಕ್ಕಲು ಮನೆಗಳಲ್ಲಿ ಬೆಳೆಗೆ ಹೊಡೆಯುವ ವಿಷದ ಡಬ್ಬಿ ಅಟ್ಟದಲ್ಲೋ ಜಗಲಿಯ ಮೂಲೆಯಲ್ಲೋ ಇರುತ್ತದೆ. ಅದನ್ನು ಬೀಗದಲ್ಲಿಟ್ಟು ಕೀಲಿಕೈ ದೊಡ್ಡವರೊಬ್ಬರ ಬಳಿ ಇರುವಂತೆ ಮಾಡುವುದು ಇಂದೇ ಆಗಬೇಕಾದ ಕೆಲಸ.

ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣರಾದವರಿಗೆ ಶಾಲೆ ತೆರೆಯುವ ದಿನಗಳು ಬಲು ನೋವಿನವು. ಜೊತೆಯವರು ಕಾಲೇಜಿಗೆ ಹೊರಟಿರುತ್ತಾರೆ. ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಇದೆ ಎಂಬುದನ್ನು ಅವರಿಗೆ ತಿಳಿಸಿ. ನೆರೆಮನೆಯ ಅಂಕಗಳನ್ನು ಊಟದ ಎಲೆಯ ಮುಂದೆ ಎತ್ತಬೇಡಿ.

ನಿಂತುಹೋದವರನ್ನು ಮರಳಿ ಕರೆತರುವುದು

2020ರ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ರೋಗದ ಕಾರಣ ಮುಚ್ಚಿದ ಶಾಲೆಗಳು ಚಿಕ್ಕ ಮಕ್ಕಳಿಗೆ ಪುನಃ ತೆರೆದುದು 2021ರ ಅಕ್ಟೋಬರ್ 25ರಂದು. ನಡುವೆ ಹತ್ತೊಂಬತ್ತು ತಿಂಗಳುಗಳು ಕಳೆದವು. ವಿದ್ಯಾಗಮದ ಹೆಸರಿನಲ್ಲಿ ಉಪಾಧ್ಯಾಯರು ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಅದೂ 2020ರ ಅಕ್ಟೋಬರಿನಲ್ಲಿ ನಿಂತಿತು. ಒಂದನೆಯ ತರಗತಿಯ ಬೆಂಚನ್ನೇ ಕಾಣದ ಮಕ್ಕಳು ಎರಡನೆಯದಕ್ಕೆ ಬಂದರು. ಕಲಿತುದನ್ನು ಮರೆತವರಿಗಾಗಿ 2022-23ರಲ್ಲಿ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮವನ್ನೇ ನಡೆಸಬೇಕಾಯಿತು. ಆ ವರ್ಷಗಳು ಕಲಿಸಿದುದು ಇಷ್ಟು: ಚಿಕ್ಕವರು ತಡವಾಗಿಯಾದರೂ ಬಂದು ಸೇರಿಕೊಳ್ಳುತ್ತಾರೆ. ಹದಿಮೂರು ಹದಿನಾಲ್ಕರ ಹುಡುಗ ಒಮ್ಮೆ ದಿನಗೂಲಿಯ ಹಣ ಕೈಯಲ್ಲಿ ಹಿಡಿದನೆಂದರೆ, ಆ ವಯಸ್ಸಿನ ಹುಡುಗಿಗೆ ಒಮ್ಮೆ ಮದುವೆಯ ಮಾತು ಬಂದಿತೆಂದರೆ ಮರಳಿ ಕರೆತರುವುದು ಬಹಳ ಪ್ರಯಾಸ. ಹದಿನೆಂಟು ತುಂಬದ ಹುಡುಗಿಯ ಮದುವೆ ಶಿಕ್ಷಾರ್ಹ ಅಪರಾಧ. ಎಳೆಯ ತಾಯಿಯ ಹೆರಿಗೆ ಅವಳಿಗೂ ಮಗುವಿಗೂ ಅಪಾಯವೆಂಬುದನ್ನು ಈ ಇಲಾಖೆ ಎಂದಿನಿಂದಲೂ ಹೇಳುತ್ತ ಬಂದಿದೆ. ಮಗಳು ಶಾಲೆಯಲ್ಲಿರುವಷ್ಟು ಕಾಲ ಆ ಅಪಾಯ ದೂರ.

ಕೆಲಸ ಅರಸಿ ಹೊರ ಜಿಲ್ಲೆಗಳಿಗೆ ಹೋಗಿ ಬರುವ ಕುಟುಂಬದವರು ಒಂದು ಸಂಗತಿಯನ್ನು ತಿಳಿದಿರಬೇಕು. ವರ್ಗಾವಣೆ ಪತ್ರ ಬರುವುದು ತಡವಾಯಿತೆಂಬ ಕಾರಣದಿಂದ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಯಾವ ಸರ್ಕಾರಿ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲ. ನಡುವೆ ಬಿಟ್ಟಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದೂ ಕಾಯಿದೆ ಹೇಳುತ್ತದೆ. ಹತ್ತು ವರ್ಷದ ಹುಡುಗನನ್ನು ಎರಡನೆಯ ತರಗತಿಯ ಪುಟ್ಟ ಮಕ್ಕಳ ನಡುವೆ ಕೂರಿಸಿದರೆ ಅವನು ನಾಚಿಕೆಯಿಂದಲೇ ಓಡಿಹೋಗುತ್ತಾನೆ.

ಜೂನ್ ತಿಂಗಳನ್ನು ಸರಿಯಾಗಿ ದಾಟಿಸಿದ ಮೇಲೂ ಒಂದು ಎಚ್ಚರಿಕೆ ಉಳಿದಿದೆ. ದಸರಾ ರಜೆ ಮುಗಿದು ಮಕ್ಕಳು ಎರಡನೆಯ ಬಾರಿ ಶಾಲೆಗೆ ಮರಳುವಾಗ ಅಡಿಕೆ ಕೊಯಿಲು ಆರಂಭವಾಗುತ್ತದೆ, ಅದರ ಬೆನ್ನಿಗೇ ಭತ್ತದ ಕೊಯಿಲು. ರಾತ್ರಿ ಹತ್ತು ಹನ್ನೊಂದರವರೆಗೆ ದೀಪದ ಕೆಳಗೆ ಅಡಿಕೆ ಸುಲಿಯುವವರ ಸಾಲಿನಲ್ಲಿ ಮಕ್ಕಳೂ ಕೂರುತ್ತಾರೆ. ಮೆಟ್ಟುಗತ್ತಿಯಿಂದ ಬೆರಳು ಕೊಯ್ದುಕೊಳ್ಳುತ್ತಾರೆ, ಬೆಳಿಗ್ಗೆ ತೂಕಡಿಸುತ್ತ ಹೊರಡುತ್ತಾರೆ. ಆ ಎರಡು ತಿಂಗಳು ಮಗುವನ್ನು ಎಂಟೂವರೆಗೆ ಆ ಸಾಲಿನಿಂದ ಎಬ್ಬಿಸಿ, ಊಟ ಮಾಡಿಸಿ, ಮಲಗಲು ಕಳುಹಿಸಿ.